ಮಣ್ಣು ಒದ್ದೆ, ಗಿಡ ಬಾಡಿದೆ: ತೋಟದಲ್ಲಿ ನೀರು ನಿಂತಾಗ ದೋಷ ಹುಡುಕುವ ಬಗೆ

ಮಣ್ಣು ಒದ್ದೆಯಾಗಿದೆ, ಆದರೂ ಗಿಡ ಬಾಡಿದೆ. ಎಲೆ ಜೋತು ಬಿದ್ದಿದೆ. ಬುಡದ ಕಡೆಯ ಎಲೆಗಳು ಹಳದಿಯಾಗಿ ಉದುರುತ್ತಿವೆ. ಹೀಗಾದಾಗ ಕೈ ತಾನಾಗೇ ನೀರಿನ ಪೈಪಿನ ಕಡೆಗೋ ಗೊಬ್ಬರದ ಚೀಲದ ಕಡೆಗೋ ಹೋಗುತ್ತದೆ. ದಯವಿಟ್ಟು ಎರಡನ್ನೂ ಮುಟ್ಟಬೇಡಿ. ಗಿಡದ ಬೇರಿಗೆ ಉಸಿರು ಕಟ್ಟಿದೆ. ಈ ಹೊತ್ತಲ್ಲಿ ಇನ್ನಷ್ಟು ನೀರು ಕೊಟ್ಟರೂ ಗೊಬ್ಬರ ಕೊಟ್ಟರೂ ಇದ್ದಬದ್ದ ಬೇರೂ ಹೋಗುತ್ತದೆ.

ಬೇರು ಉಸಿರಾಡುವುದು ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ. ಒಳ್ಳೆಯ ತೋಟದ ಮಣ್ಣಿನಲ್ಲಿ ಒಟ್ಟು ಗಾತ್ರದ ಸುಮಾರು ಅರ್ಧ ಇಂಥ ಸಂದುಗಳೇ ಇರುತ್ತವೆ. ಅದರಲ್ಲಿ ಒಂದು ಪಾಲು ನೀರು, ಒಂದು ಪಾಲು ಗಾಳಿ. ನೀರು ನಿಂತುಬಿಟ್ಟರೆ ಗಾಳಿಯ ಜಾಗವನ್ನೂ ನೀರೇ ತುಂಬಿಕೊಳ್ಳುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನಲ್ಲಿ ಉಳಿದಿದ್ದಷ್ಟನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಸೇರಿ ಒಂದೆರಡು ದಿನದಲ್ಲೇ ಖಾಲಿ ಮಾಡುತ್ತವೆ. ಮಣ್ಣು ಬೆಚ್ಚಗಿದ್ದರೆ ಇನ್ನೂ ಬೇಗ. ಆಮೇಲೆ ಬೇರಿಗೆ ನೀರು ಹೀರುವ ಶಕ್ತಿ ಉಳಿಯುವುದಿಲ್ಲ. ಸುತ್ತ ನೀರಿದ್ದೂ ಎಲೆಗೆ ನೀರು ತಲುಪುವುದಿಲ್ಲ.

ಹಾಗಾಗಿ ಹುಡುಕಬೇಕಾದ್ದು ಎರಡು ವಿಷಯ. ನೀರು ಎಲ್ಲಿಂದ ಬರುತ್ತಿದೆ? ಬಂದ ನೀರು ಯಾಕೆ ಹೋಗುತ್ತಿಲ್ಲ? ಇವೆರಡಕ್ಕೆ ಉತ್ತರ ಸಿಗುವವರೆಗೆ ಯಾವ ಔಷಧಿಗೂ ದುಡ್ಡು ಹಾಕಬೇಡಿ.

ನೀರು ಜಾಸ್ತಿಯಾಗಿ ಬಾಡಿದೆಯಾ, ಕಮ್ಮಿಯಾಗಿಯಾ?

ಗಿಡವನ್ನು ಬೆಳಗ್ಗೆ, ಬಿಸಿಲು ಏರುವ ಮುಂಚೆ ನೋಡಿ. ನೀರು ಕಮ್ಮಿಯಾದ ಗಿಡ ಮಧ್ಯಾಹ್ನ ಬಾಡಿದರೂ ಶುರುವಿನ ದಿನಗಳಲ್ಲಿ ರಾತ್ರಿಯ ತಂಪಿಗೆ ಚೇತರಿಸಿಕೊಂಡಿರುತ್ತದೆ. ಬೇರು ಕೊಳೆತ ಗಿಡ ಬೆಳಗ್ಗೆಯೂ ಜೋತೇ ಇರುತ್ತದೆ. ಎಲೆ ಮುಟ್ಟಿ ನೋಡಿ. ಬರದಲ್ಲಿ ಬಾಡಿದ ಎಲೆಯ ಅಂಚು ಒಣಗಿ ಗರಿಗರಿ ಆಗಿರುತ್ತದೆ. ನೀರು ನಿಂತ ಜಾಗದ ಎಲೆ ಮೆತ್ತಗಿರುತ್ತದೆ, ಮಂಕಾಗಿರುತ್ತದೆ, ಸ್ವಲ್ಪ ಎಳೆದರೆ ತೊಟ್ಟಿನ ಸಮೇತ ಕೈಗೆ ಬರುತ್ತದೆ.

ಟೊಮೆಟೊದಂಥ ಗಿಡಗಳಲ್ಲಿ ಇನ್ನೊಂದು ಗುರುತು ಸಿಗುತ್ತದೆ. ಎಲೆ ಇನ್ನೂ ಬಾಡಿರುವುದಿಲ್ಲ, ಆದರೆ ಎಲೆಯ ತೊಟ್ಟು ಕಾಂಡದ ಹತ್ತಿರವೇ ಕೆಳಕ್ಕೆ ಬಾಗಿರುತ್ತದೆ. ಆಮ್ಲಜನಕ ಕಮ್ಮಿಯಾದ ಬೇರು ಒಂದು ರಾಸಾಯನಿಕವನ್ನು ಮೇಲಕ್ಕೆ ಕಳಿಸುತ್ತದೆ. ಕಾಂಡಕ್ಕೆ ಬಂದ ಮೇಲೆ ಅದು ಎಥಿಲೀನ್ ಅನಿಲವಾಗುತ್ತದೆ. ತೊಟ್ಟು ಬಾಗುವುದು ಅದರಿಂದ. ಈ ಹಂತದಲ್ಲೇ ಕಣ್ಣಿಗೆ ಬಿದ್ದರೆ ಗಿಡ ಉಳಿಯುವ ಸಾಧ್ಯತೆ ಜಾಸ್ತಿ.

ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗಿದ್ದರೆ ಸಾರಜನಕದ ಕೊರತೆ. ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳು ಮಣ್ಣಿನ ನೈಟ್ರೇಟನ್ನು ಅನಿಲವಾಗಿ ಮಾಡಿ ಗಾಳಿಗೆ ಬಿಡುತ್ತವೆ, ಒಂದಷ್ಟು ನೀರಿನ ಜೊತೆ ಕೆಳಕ್ಕೆ ಇಳಿದು ಹೋಗುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣಾಂಶ ಗಿಡಕ್ಕೆ ಸಿಗುತ್ತಿಲ್ಲ ಎಂದು ತಿಳಿಯಿರಿ. ಸುಣ್ಣದ ಅಂಶ ಇರುವ ಮಣ್ಣು ಒದ್ದೆಯಾಗೇ ಉಳಿದಾಗ ಹೀಗಾಗುವುದು ಸಾಮಾನ್ಯ. ಕಬ್ಬಿಣ ಮಣ್ಣಿನಲ್ಲೇ ಇರುತ್ತದೆ, ಬೇರಿಗೆ ಅದನ್ನು ಎತ್ತಿಕೊಳ್ಳಲು ಆಗುತ್ತಿರುವುದಿಲ್ಲ.

ಎಲೆಯ ಅಡಿಭಾಗದಲ್ಲಿ ಬಿರಟೆಯಂಥ ಒರಟು ಗುಳ್ಳೆಗಳು ಕಂಡರೆ ರೋಗವೆಂದು ಹೆದರಬೇಡಿ. ಬೇರು ಎತ್ತಿದ ನೀರು ತೇವದ ಗಾಳಿಯಲ್ಲಿ ಆವಿಯಾಗದೆ ಎಲೆಯ ಜೀವಕೋಶಗಳು ಉಬ್ಬಿ ಒಡೆದಿರುತ್ತವೆ. ಅದು ಅಂಟುವ ಕಾಯಿಲೆ ಅಲ್ಲ. ಬೇರು ಇನ್ನೂ ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು ಕೂಡ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಟೊಮೆಟೊ, ಬದನೆ, ಮೆಣಸಿನ ಗಿಡ ಹಸಿರಾಗೇ ಇದ್ದು ಎರಡು ಮೂರು ದಿನದಲ್ಲಿ ಪೂರ್ತಿ ಸೊರಗಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗವೂ ಆಗಿರಬಹುದು. ಬುಡದ ಹತ್ತಿರ ಕಾಂಡದ ತುಂಡೊಂದನ್ನು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ತುಂಡಿನ ತುದಿ ಮಾತ್ರ ನೀರಿಗೆ ತಾಗುವಂತೆ ಹಿಡಿಯಿರಿ. ಅಲ್ಲಾಡಿಸಬೇಡಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಕ್ಕೆ ಇಳಿಯತೊಡಗಿದರೆ ಅದು ಬ್ಯಾಕ್ಟೀರಿಯಾ. ಆ ಗಿಡ ಉಳಿಯುವುದಿಲ್ಲ, ಬೇರು ಸಮೇತ ಕಿತ್ತು ತೋಟದಿಂದ ಹೊರಗೆ ಹಾಕಿ. ನೀರು ತಿಳಿಯಾಗೇ ಇದ್ದರೆ ಮುಂದಿನ ತಪಾಸಣೆಗೆ ಹೋಗಿ.

ಮಣ್ಣನ್ನು ಅಗೆದು, ಹಿಚುಕಿ, ಮೂಸಿ ನೋಡಿ

ಮೇಲ್ಮಣ್ಣು ನೋಡಿ ತೀರ್ಮಾನ ಮಾಡಬೇಡಿ. ಎರಡು ದಿನ ಬಿಸಿಲು ಬಂದರೆ ಮೇಲಿನ ಎರಡು ಬೆರಳು ಮಣ್ಣು ಒಣಗಿ ಬಿರುಕು ಬಿಡುತ್ತದೆ, ಕೆಳಗೆ ರಾಡಿ ಹಾಗೇ ಇರುತ್ತದೆ. ಗಿಡದ ಬುಡದಿಂದ ಸ್ವಲ್ಪ ದೂರದಲ್ಲಿ, ಎಲೆಗಳ ಹರವು ಮುಗಿಯುವ ಕಡೆ, ಒಂದಡಿ ಆಳಕ್ಕೆ ಸನಿಕೆ ಇಳಿಸಿ ಮಣ್ಣಿನ ಹೆಂಟೆಯನ್ನು ಮುರಿಯದಂತೆ ಎತ್ತಿ.

ಒಂದು ಹಿಡಿ ಮಣ್ಣು ಹಿಚುಕಿ. ಬೆರಳ ಸಂದಿನಿಂದ ನೀರು ಜಿನುಗಿದರೆ ಅಲ್ಲಿ ಗಾಳಿಗೆ ಜಾಗವಿಲ್ಲ. ಮೂಸಿ ನೋಡಿ. ಜೀವವಿರುವ ಮಣ್ಣಿಗೆ ಮೊದಲ ಮಳೆಯ ವಾಸನೆ ಇರುತ್ತದೆ. ಗಾಳಿ ಸತ್ತ ಮಣ್ಣು ಹುಳಿ ವಾಸನೆ ಬರುತ್ತದೆ, ಇನ್ನೂ ಮುಂದೆ ಹೋಗಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್. ಆಮ್ಲಜನಕ ಪೂರ್ತಿ ಮುಗಿದ ಮೇಲೆ ಹುಟ್ಟುವ ಈ ಅನಿಲ ಬೇರಿಗೆ ವಿಷ.

ಈಗ ಬಣ್ಣ. ಈ ಗುರುತು ನನಗೆ ಎಲ್ಲಕ್ಕಿಂತ ನಂಬಿಕೆಯದು, ಯಾಕೆಂದರೆ ಅದು ಇವತ್ತಿನ ಸ್ಥಿತಿಯ ಜೊತೆ ವರ್ಷಗಳ ಕಥೆಯನ್ನೂ ಹೇಳುತ್ತದೆ. ಕೆಂಪು, ಕಂದು ಬಣ್ಣ ಬರುವುದು ಮಣ್ಣಿನ ಕಬ್ಬಿಣಕ್ಕೆ ಗಾಳಿ ತಾಗಿ ತುಕ್ಕಾಗಿರುವುದರಿಂದ. ವರ್ಷದ ಬಹುಕಾಲ ನೀರಿನಲ್ಲೇ ಇರುವ ಮಣ್ಣು ಬೂದು ಅಥವಾ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಬೂದು ಮಣ್ಣಿನ ನಡುವೆ, ಹಳೆಯ ಬೇರು ಹೋದ ಜಾಡಿನ ಗುಂಟ ಕಿತ್ತಳೆ ಬಣ್ಣದ ಚುಕ್ಕೆ ಗೆರೆಗಳು ಕಂಡರೆ ಅಲ್ಲಿ ನೀರು ನಿಲ್ಲುವುದು, ಇಳಿಯುವುದು ಪದೇ ಪದೇ ನಡೆದಿದೆ. ಎಷ್ಟು ಆಳದಲ್ಲಿ ಈ ಚುಕ್ಕೆಗಳು ಶುರುವಾಗುತ್ತವೋ ನೀರು ಸಾಮಾನ್ಯವಾಗಿ ಅಲ್ಲಿಯವರೆಗೆ ಏರುತ್ತದೆ. ಮಣ್ಣು ಮೇಲಿಂದ ಕೆಳಗಿನವರೆಗೆ ಒಂದೇ ಕಂದು ಬಣ್ಣದಲ್ಲಿದ್ದರೆ ನೀರು ನಿಂತಿರುವುದು ಈ ಸಲ ಮಾತ್ರ. ಅಂಥ ಜಾಗ ಸರಿಮಾಡುವುದು ಸುಲಭ.

ಬೇರು ಏನು ಹೇಳುತ್ತದೆ

ಎತ್ತಿದ ಹೆಂಟೆಯಲ್ಲಿ ಹೀರುಬೇರುಗಳು ಸಿಕ್ಕಿರುತ್ತವೆ. ಮಣ್ಣನ್ನು ನೀರಲ್ಲಿ ಮೆಲ್ಲಗೆ ತೊಳೆದು ನಾಲ್ಕೈದು ಬೇರನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಒಳ್ಳೆಯ ಬೇರಿನ ತುದಿ ಬಿಳಿ ಅಥವಾ ಕೆನೆ ಬಣ್ಣ ಇರುತ್ತದೆ, ಬಗ್ಗಿಸಿದರೆ ಪುಟಿಯುತ್ತದೆ. ಕೊಳೆತದ್ದು ಕಂದು ಅಥವಾ ಕಪ್ಪು, ಹಿಸುಕಿದರೆ ಲೋಳೆ. ಈಗ ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಉದ್ದಕ್ಕೆ ಎಳೆಯಿರಿ. ಹೊರಸಿಪ್ಪೆ ಕಳಚಿ ಬೆರಳಿಗೆ ಬಂದು, ಒಳಗಿನ ನೂಲಿನಂಥ ಎಳೆ ಮಾತ್ರ ಉಳಿದರೆ ಪಿಥಿಯಂ ಅಥವಾ ಫೈಟಾಫ್ತೊರಾದಂಥ ಬೇರು ಕೊಳೆಸುವ ಜೀವಿ ಸೇರಿಕೊಂಡಿರುವ ಸಾಧ್ಯತೆ ಜಾಸ್ತಿ. ಇವುಗಳ ಬೀಜಕಣಗಳು ನೀರಿನಲ್ಲಿ ಈಜಿಕೊಂಡು ಬೇರಿನಿಂದ ಬೇರಿಗೆ ಹೋಗುತ್ತವೆ. ನಿಂತ ನೀರೇ ಅವಕ್ಕೆ ದಾರಿ.

ದೊಡ್ಡ ಗಿಡ, ಮರಗಳಾದರೆ ಬುಡದ ತೊಗಟೆ ನೋಡಿ. ಮಣ್ಣಿಗೆ ತಾಗುವ ಕಡೆ ತೊಗಟೆ ಕಪ್ಪಾಗಿ ರಸ ಜಿನುಗುತ್ತಿದೆಯಾ? ನಿಂಬೆ, ಕಿತ್ತಳೆ ಜಾತಿಯಲ್ಲಿ ಅಂಟು ಸೋರುತ್ತಿದೆಯಾ? ಚಾಕುವಿನ ತುದಿಯಿಂದ ತೊಗಟೆಯನ್ನು ಉಗುರಿನಷ್ಟು ಕೆರೆಯಿರಿ. ಒಳಗೆ ಹಸಿರು ಅಥವಾ ಬಿಳಿ ಇದ್ದರೆ ಜೀವ ಇದೆ. ಕಂದು ಬಣ್ಣ ಬುಡದ ಸುತ್ತಲೂ ಹರಡಿದ್ದರೆ ಆ ಮರ ಉಳಿಯುವುದಿಲ್ಲ. ಒಂದು ಕಡೆ ಮಾತ್ರ ಇದ್ದರೆ ಕಾದು ನೋಡಿ.

ಬೇರಿನ ಅರ್ಧದಷ್ಟಾದರೂ ಬೆಳ್ಳಗಿದ್ದರೆ ಧೈರ್ಯ ತಂದುಕೊಳ್ಳಿ. ನೆಲದ ಮಟ್ಟದಲ್ಲಿ ಕಾಂಡದಿಂದಲೇ ಹೊಸ ಬೇರು ಒಡೆಯುತ್ತಿದ್ದರೆ ಇನ್ನೂ ಒಳ್ಳೆಯದು, ಗಿಡ ತಾನೇ ಗಾಳಿಯ ಹತ್ತಿರಕ್ಕೆ ಬರುತ್ತಿದೆ. ಆ ಬೇರುಗಳನ್ನು ಮುರಿಯಬೇಡಿ, ಮೇಲೆ ಮಣ್ಣು ಸುರಿಯಲೂ ಬೇಡಿ.

ನೀರು ಎಷ್ಟು ಬೇಗ ಇಳಿಯುತ್ತದೆ?

ಇದಕ್ಕೆ ಒಂದು ಗುಂಡಿ ಸಾಕು. ಒಂದಡಿ ಅಗಲ, ಒಂದಡಿ ಆಳ ತೋಡಿ. ಜೇಡಿಮಣ್ಣಾದರೆ ಸನಿಕೆಯ ಏಟಿಗೆ ಗುಂಡಿಯ ಗೋಡೆ ಸವರಿದಂತೆ ನುಣುಪಾಗಿರುತ್ತದೆ, ಅದನ್ನು ಕೊಂಚ ಗೀರಿ ಒರಟು ಮಾಡಿ. ನೀರು ತುಂಬಿ ಪೂರ್ತಿ ಇಳಿಯಲು ಬಿಡಿ. ಸುತ್ತಲ ಮಣ್ಣು ನೆನೆದ ಮೇಲೆ ಮತ್ತೆ ತುಂಬಿ, ಒಂದು ಕಡ್ಡಿ ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯಿತು ಗುರುತು ಹಾಕಿ. ಅಳೆಯಬೇಕಾದ್ದು ಎರಡನೇ ಸಲದ್ದೇ. ಮೊದಲ ಸಲ ಒಣ ಮಣ್ಣು ನೀರು ಕುಡಿದು ನಮ್ಮನ್ನು ದಾರಿ ತಪ್ಪಿಸುತ್ತದೆ.

ಗಂಟೆಗೆ 2.5ರಿಂದ 7.5 ಸೆಂಟಿಮೀಟರ್ ಇಳಿದರೆ ಹೆಚ್ಚಿನ ಗಿಡಗಳಿಗೆ ಅಡ್ಡಿಯಿಲ್ಲ. 2.5ಕ್ಕಿಂತ ಕಮ್ಮಿ ಇದ್ದರೆ ಬಸಿಯುವಿಕೆ ಸಾಲದು. ಮರುದಿನವೂ ನೀರು ನಿಂತೇ ಇದ್ದರೆ ಆ ಜಾಗದಲ್ಲಿ ನೆಲಮಟ್ಟದಲ್ಲಿ ಏನನ್ನೂ ನೆಡದಿರುವುದೇ ಲೇಸು.

ಇನ್ನೊಂದು ಸಂಗತಿ. ನೀರು ಹಾಕದೆಯೇ ಗುಂಡಿಯಲ್ಲಿ ನೀರು ಒಸರಿ ಬರುತ್ತಿದೆಯಾ ಗಮನಿಸಿ. ಎರಡಡಿ ಆಳ ತೋಡಿ ಮಳೆನೀರು ಬೀಳದಂತೆ ಹಲಗೆ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ತಳದಲ್ಲಿ ನೀರಿದ್ದರೆ ಒಂದೋ ಅಂತರ್ಜಲ ಮೇಲಿದೆ, ಇಲ್ಲವೇ ಪಕ್ಕದ ಎತ್ತರದ ಜಾಗದಿಂದ ಮಣ್ಣೊಳಗೇ ನೀರು ಹರಿದು ಬರುತ್ತಿದೆ. ತಳದಿಂದ ಸಮನಾಗಿ ಏರಿದ್ದರೆ ಅಂತರ್ಜಲ. ಒಂದೇ ಗೋಡೆಯಿಂದ ಜಿನುಗುತ್ತಿದ್ದರೆ ಪಕ್ಕದಿಂದ ಬಂದದ್ದು.

ಕಾರಣಗಳು, ಒಂದೊಂದಾಗಿ

ಚಾವಣಿಯ ನೀರು. ಇದನ್ನು ಮೊದಲು ನೋಡಿ, ಯಾಕೆಂದರೆ ಸರಿಮಾಡಲು ಅಗ್ಗ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 5,000 ಲೀಟರ್! ಅದೆಲ್ಲ ಒಂದೇ ಕೊಳವೆಯಿಂದ ಒಂದು ಹೂವಿನ ಮಡಿಗೆ ಇಳಿದರೆ ಎಂಥ ಒಳ್ಳೆಯ ಮಣ್ಣೂ ತಡೆದುಕೊಳ್ಳುವುದಿಲ್ಲ. ಮಳೆ ಬರುವಾಗಲೇ ಕೊಡೆ ಹಿಡಿದು ತೋಟ ಸುತ್ತಿ. ನೀರು ಯಾವ ದಿಕ್ಕಿಂದ ಬರುತ್ತದೆ, ಎಲ್ಲಿ ತಡೆ ಬೀಳುತ್ತದೆ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಒಣ ನೆಲದಲ್ಲಿ ನಿಂತು ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು.

ಸೋರುವ ಪೈಪು. ಮಳೆ ನಿಂತು ವಾರಗಳಾದರೂ ಒಂದೇ ಜಾಗ ಒದ್ದೆ ಇದೆಯಾ? ಅಲ್ಲಿ ಮಾತ್ರ ಹುಲ್ಲು ದಟ್ಟವಾಗಿ ಬೆಳೆದಿದೆಯಾ? ಮನೆಯ ಎಲ್ಲ ನಲ್ಲಿ ನಿಲ್ಲಿಸಿ ನೀರಿನ ಮೀಟರಿನ ಅಂಕಿ ಬರೆದುಕೊಳ್ಳಿ. ಒಂದೆರಡು ಗಂಟೆ ಬಿಟ್ಟು ನೋಡಿದಾಗ ಅಂಕಿ ಬದಲಾಗಿದ್ದರೆ ಎಲ್ಲೋ ಸೋರಿಕೆ ಇದೆ. ಒದ್ದೆ ಮಣ್ಣಿಗೆ ಕೊಳಚೆಯ ವಾಸನೆ ಇದ್ದರೆ ಶೌಚದ ಗುಂಡಿಯ ಕಡೆಯಿಂದ ಬರುತ್ತಿರಬಹುದು. ಆಗ ಅಲ್ಲಿ ಬೆಳೆದ ಸೊಪ್ಪು ತರಕಾರಿ ತಿನ್ನಬೇಡಿ, ಮೊದಲು ಅದನ್ನು ಸರಿಮಾಡಿಸಿ.

ನಾವೇ ಹಾಕುವ ನೀರು. ಹನಿ ನೀರಾವರಿಯ ತೂತು ದೊಡ್ಡದಾಗಿರುವುದು, ಟೈಮರ್ ಮಳೆಗಾಲದಲ್ಲೂ ಬೇಸಿಗೆಯ ಲೆಕ್ಕದಲ್ಲೇ ಓಡುತ್ತಿರುವುದು ತುಂಬಾ ಸಾಮಾನ್ಯ. ಬೇಸಿಗೆಯಲ್ಲಿ ನೀರು ನಿಲ್ಲಲಿ ಎಂದು ಕಟ್ಟಿದ ಪಾತಿಯೂ ಮಳೆಯಲ್ಲಿ ಗಿಡವನ್ನು ಮುಳುಗಿಸುತ್ತದೆ. ಪಾತಿಯ ಏರಿಯನ್ನು ಇಳಿಜಾರಿನ ಕಡೆ ಒಡೆದುಬಿಡಿ. ಐದು ನಿಮಿಷದ ಕೆಲಸ.

ಗಟ್ಟಿಯಾದ ಪದರ. ಮೇಲೆ ಮಣ್ಣು ಮೆದುವಾಗಿದ್ದು, ಒಂದಡಿಯೊಳಗೆ ಎಲ್ಲೋ ಕಲ್ಲಿನಂತೆ ಬಿಗಿದ ಪದರ ಇರುತ್ತದೆ. ಮನೆ ಕಟ್ಟುವಾಗ ಲಾರಿ, ಯಂತ್ರಗಳು ಓಡಾಡಿದ ಜಾಗದಲ್ಲಿ ಇದು ಇದ್ದೇ ಇರುತ್ತದೆ. ಮಣ್ಣು ತೇವವಾಗಿರುವಾಗ ಬೆರಳು ದಪ್ಪದ ಕಬ್ಬಿಣದ ಸಲಾಕೆಯನ್ನು ನೇರವಾಗಿ ಒತ್ತುತ್ತಾ ಹೋಗಿ. ಸಲೀಸಾಗಿ ಇಳಿಯುತ್ತಿದ್ದದ್ದು ಒಂದು ಆಳಕ್ಕೆ ಬಂದು ಥಟ್ಟನೆ ನಿಲ್ಲುತ್ತದೆ. ಐದಾರು ಕಡೆ ಒತ್ತಿ ನೋಡಿ. ಎಲ್ಲ ಕಡೆ ಹೆಚ್ಚುಕಮ್ಮಿ ಅದೇ ಆಳದಲ್ಲಿ ನಿಂತರೆ ಪದರ, ಒಂದೇ ಕಡೆ ನಿಂತರೆ ಕಲ್ಲು. ಪದರವನ್ನು ಒಡೆದರೆ ನೀರು ಇಳಿಯುತ್ತದೆ. ಆದರೆ ಅದನ್ನು ಒದ್ದೆ ಇರುವಾಗ ಒಡೆಯಲು ಹೋಗಬೇಡಿ, ಮಣ್ಣು ಹದಕ್ಕೆ ಬರಲಿ. ಹಿಡಿಯಲ್ಲಿ ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಅದೇ ಹದ.

ಜೇಡಿಮಣ್ಣು, ಎರೆಮಣ್ಣು. ಒದ್ದೆ ಮಣ್ಣನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಹೊರಕ್ಕೆ ತಳ್ಳಿ. 2.5 ಸೆಂಟಿಮೀಟರ್ ಆಗುವ ಮುಂಚೆ ಮುರಿದರೆ ಜೇಡಿ ಕಮ್ಮಿ. 5 ಸೆಂಟಿಮೀಟರ್ ದಾಟಿದರೂ ಮುರಿಯದಿದ್ದರೆ ಗಟ್ಟಿ ಜೇಡಿ. ಈ ಮಣ್ಣು ಕೆಟ್ಟದ್ದಲ್ಲ, ಪೋಷಕಾಂಶ ಹಿಡಿದಿಡುವುದರಲ್ಲಿ ಮರಳು ಮಣ್ಣಿಗಿಂತ ಎಷ್ಟೋ ಮುಂದೆ. ಅದರ ಸಂದುಗಳು ತೀರಾ ಸಣ್ಣವು, ಅಷ್ಟೇ.

ನೆಟ್ಟ ಗುಂಡಿಯೇ ತೊಟ್ಟಿಯಾಗಿರುವುದು. ಸುತ್ತಲೂ ಒಂದೇ ಥರ ಮಣ್ಣಿದ್ದು ಒಂದು ಗಿಡ ಮಾತ್ರ ಸೊರಗುತ್ತಿದ್ದರೆ ನನ್ನ ಮೊದಲ ಅನುಮಾನ ಇದೇ. ಜೇಡಿನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಸಡಿಲವಾದ ಗೊಬ್ಬರದ ಮಣ್ಣು ತುಂಬಿ ಗಿಡ ನೆಡುತ್ತೇವೆ. ಮಳೆ ಬಂದಾಗ ಸುತ್ತಲ ನೀರು ಸುಲಭದ ದಾರಿ ಹಿಡಿದು ಸಡಿಲ ಮಣ್ಣಿಗೆ ಇಳಿಯುತ್ತದೆ, ಜೇಡಿಯ ಗೋಡೆ ಅದನ್ನು ಹೊರಗೆ ಬಿಡುವುದಿಲ್ಲ. ಗಚ್ಚು ಹಾಕಿದ ತೊಟ್ಟಿಯಲ್ಲಿ ಗಿಡ ಇಟ್ಟಂತೆ ಆಗುತ್ತದೆ. ಗಿಡ ಚಿಕ್ಕದಾಗಿದ್ದರೆ ಎತ್ತಿ, ಅಗೆದ ಮಣ್ಣನ್ನೇ ವಾಪಸ್ ತುಂಬಿ, ನೆಲಕ್ಕಿಂತ ಎತ್ತರದ ದಿಬ್ಬದ ಮೇಲೆ ಮತ್ತೆ ನೆಡಿ.

ಈಗಿಂದೀಗ ಏನು ಮಾಡಬೇಕು

ನಿಂತ ನೀರನ್ನು ಹೊರಗೆ ಕಳಿಸುವುದು ಮೊದಲು. ಗಿಡದಿಂದ ಎರಡು ಮೂರು ಅಡಿ ಬಿಟ್ಟು, ತಗ್ಗಿನ ಕಡೆಗೆ ಒಂದಡಿ ಆಳದ ಬಸಿಗಾಲುವೆ ತೆಗೆಯಿರಿ. ತಗ್ಗೇ ಇಲ್ಲದಿದ್ದರೆ ಮೂಲೆಯಲ್ಲಿ ಆಳವಾದ ಗುಂಡಿ ತೋಡಿ, ಅಲ್ಲಿಗೆ ಹರಿಸಿ, ಬಕೆಟ್ಟಿನಲ್ಲೋ ಪಂಪಿನಲ್ಲೋ ಎತ್ತಿ ಹಾಕಿ. ನೆರೆಯವರ ಜಾಗಕ್ಕೆ ಮಾತ್ರ ಬಿಡಬೇಡಿ.

ಇಷ್ಟೆಲ್ಲ ಮಾಡುವಾಗ ಒದ್ದೆ ಮಡಿಯ ಮೇಲೆ ಕಾಲಿಡಬೇಡಿ. ತುಳಿದ ಒದ್ದೆ ಮಣ್ಣು ಅಪ್ಪಚ್ಚಿಯಾಗಿ ಉಳಿದ ಸಂದುಗಳೂ ಮುಚ್ಚಿಹೋಗುತ್ತವೆ. ಹೋಗಲೇಬೇಕಾದರೆ ಹಲಗೆ ಹಾಸಿ ಅದರ ಮೇಲೆ ನಿಲ್ಲಿ, ಭಾರ ಹರಡುತ್ತದೆ.

ಬುಡದ ಮೇಲಿನ ಎಲೆ, ಹುಲ್ಲಿನ ಹೊದಿಕೆಯನ್ನು ಸರಿಸಿ. ಬೇಸಿಗೆಯಲ್ಲಿ ಉಪಕಾರ ಮಾಡುವ ಹೊದಿಕೆ ಈಗ ನೀರು ಆರದಂತೆ ತಡೆಯುತ್ತದೆ. ಮಳೆನೀರು ಹೊತ್ತು ತಂದ ಹೂಳು ಬುಡದ ಸುತ್ತ ಸೇರಿದ್ದರೆ ತೆಗೆಯಿರಿ. ಬೇರು ಕಾಂಡವನ್ನು ಸೇರುವ ಜಾಗ ಮಣ್ಣಿನಲ್ಲಿ ಹೂತಿರಬಾರದು.

ನೀರು ಇಳಿದು ಮಣ್ಣು ಅಂಟುವುದು ನಿಂತ ಮೇಲೆ, ಗಿಡದ ಹರವಿನ ಹೊರ ಅಂಚಿನಲ್ಲಿ ಮುಳ್ಳುಗುದ್ದಲಿಯನ್ನು 10ರಿಂದ 15 ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಸ್ವಲ್ಪ ಅಲ್ಲಾಡಿಸಿ, ಹೊರಗೆ ತೆಗೆಯಿರಿ. ತಿರುವಿ ಹಾಕಬೇಡಿ. ಹುಲ್ಲುಹಾಸಿಗೂ ಇದೇ ಮದ್ದು.

ಗಿಡದಲ್ಲಿ ಹೂವು, ಕಾಯಿ ಇದ್ದರೆ ಕಿತ್ತುಬಿಡಿ. ಸಂಕಟವಾಗುತ್ತದೆ, ಆದರೆ ಅರ್ಧ ಬೇರು ಕಳೆದುಕೊಂಡ ಗಿಡಕ್ಕೆ ಕಾಯಿ ಸಾಕುವ ಹೊರೆ ಬೇಡ. ಸತ್ತ ರೆಂಬೆ ಮಾತ್ರ ಕತ್ತರಿಸಿ, ಹಸಿರು ಎಲೆಗಳನ್ನು ಬಿಡಿ. ಹೊಸ ಬೇರು ಬರಲು ಬೇಕಾದ ಆಹಾರ ತಯಾರಾಗುವುದು ಆ ಎಲೆಗಳಲ್ಲೇ. ನೀರು ಇಳಿದ ಕೂಡಲೇ ಸುಡುಬಿಸಿಲು ಬಂದರೆ ಕೆಲವು ದಿನ ನೆರಳುಪರದೆ ಕಟ್ಟಿ. ಮರಗಳಿಗೆ ಊರುಗೋಲು ಕೊಡಿ, ನೆನೆದ ಮಣ್ಣಿನಲ್ಲಿ ಬೇರಿನ ಹಿಡಿತ ಸಡಿಲವಾಗಿ ಸಣ್ಣ ಗಾಳಿಗೂ ಉರುಳಬಹುದು.

ಗೊಬ್ಬರ ಹೊಸ ಚಿಗುರು ಕಂಡ ಮೇಲೆಯೇ. ಅದೂ ಸ್ವಲ್ಪ ಸ್ವಲ್ಪ.

ನೆರೆಯ ನೀರು ಹೊಕ್ಕಿದ್ದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆ ನೀರಿನಲ್ಲಿ ಚರಂಡಿಯದ್ದೂ ಸೇರಿರುತ್ತದೆ. ಅದರಲ್ಲಿ ಮುಳುಗಿದ ಸೊಪ್ಪು, ತರಕಾರಿಯನ್ನು ಎಷ್ಟು ತೊಳೆದರೂ ತಿನ್ನಲು ಬಳಸಬೇಡಿ. ಮಣ್ಣಿನಲ್ಲಿ ಕೆಲಸ ಮಾಡುವಾಗ ಕೈಗವಸು, ಬೂಟು ಹಾಕಿಕೊಳ್ಳಿ.

ಜನ ಹೇಳುವ ಕೆಲವು ಉಪಾಯಗಳ ಬಗ್ಗೆ

ಗುಂಡಿಯ ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಆಗುವುದು ಬೇರೆ. ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸುಲಭವಾಗಿ ದಾಟುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೂ ಅಲ್ಲೇ ನಿಲ್ಲುತ್ತದೆ. ಅಂದರೆ ಒದ್ದೆ ಪದರ ಬೇರಿನ ಹತ್ತಿರಕ್ಕೇ ಏರುತ್ತದೆ. ನೀರು ಹೊರಗೆ ಹೋಗಲು ಕೊಳವೆಯೋ ಕಾಲುವೆಯೋ ಇದ್ದರೆ ಮಾತ್ರ ಜಲ್ಲಿಗೆ ಅರ್ಥ.

ಜೇಡಿಮಣ್ಣಿಗೆ ಒಂದೆರಡು ಬುಟ್ಟಿ ಮರಳು ಬೆರೆಸುವುದೂ ಹಾಗೇ. ಮರಳಿನ ಕಣಗಳ ನಡುವಿನ ಜಾಗವನ್ನು ಜೇಡಿ ತುಂಬಿಕೊಂಡು ಮಣ್ಣು ಇನ್ನೂ ಗಟ್ಟಿಯಾಗುತ್ತದೆ. ಗುಣ ಬದಲಾಗಬೇಕಾದರೆ ಮಣ್ಣಿನ ಅರ್ಧಕ್ಕಿಂತ ಹೆಚ್ಚು ಮರಳೇ ಆಗಬೇಕು. ಯಾರ ಕೈಲಾಗುತ್ತದೆ? ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹೆಚ್ಚಿರುವ ಮಣ್ಣಿನಲ್ಲಿ. ಮಣ್ಣು ಪರೀಕ್ಷೆ ಮಾಡಿಸದೆ ಸುಮ್ನೆ ಹಾಕಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಆಮ್ಲಜನಕ ಸಿಗುವುದು ನಿಜ, ಆದರೆ ತುಂಬಾ ಕಡಿಮೆ ಹೊತ್ತು. ಜಾಸ್ತಿ ಗಾಢವಾದರೆ ಬದುಕಿರುವ ಬೇರನ್ನೂ ಸುಡುತ್ತದೆ. ಶಿಲೀಂಧ್ರನಾಶಕ ಕೊಳೆ ಹರಡುವುದನ್ನು ತಡೆಯಬಹುದು, ಸತ್ತ ಬೇರನ್ನು ಬದುಕಿಸುವುದಿಲ್ಲ. ಮಣ್ಣು ಒದ್ದೆಯಾಗೇ ಉಳಿದರೆ ಅದೂ ವ್ಯರ್ಥ.

ಶಾಶ್ವತವಾಗಿ ಸರಿಪಡಿಸಲು

ಚಾವಣಿಯ ನೀರಾದರೆ ಕೊಳವೆಯ ದಿಕ್ಕು ಬದಲಿಸಿ, ತೊಟ್ಟಿಗೋ ಇಂಗುಗುಂಡಿಗೋ ಬಿಡಿ. ಇಂಗುಗುಂಡಿ ಮಾಡುವ ಜಾಗದಲ್ಲೂ ಮೊದಲು ಗುಂಡಿಯ ಪರೀಕ್ಷೆ ಮಾಡಿ ನೋಡಿ. ನೀರು ಇಂಗದ ನೆಲದಲ್ಲಿ ಅದನ್ನು ತೋಡಿ ಪ್ರಯೋಜನವಿಲ್ಲ.

ಪಕ್ಕದ ಎತ್ತರದಿಂದ ಮಣ್ಣೊಳಗೆ ಬರುವ ನೀರಿಗೆ, ಅದು ಬರುವ ದಿಕ್ಕಿಗೆ ಅಡ್ಡಲಾಗಿ ಕಾಲುವೆ ಬೇಕು. ಒಂದೂವರೆ ಎರಡಡಿ ಆಳ ತೋಡಿ, ನೀರು ಸೋಸುವ ಬಟ್ಟೆ ಹಾಸಿ, ತೂತಿರುವ ಪೈಪು ಇಟ್ಟು, ಸುತ್ತ ಜಲ್ಲಿ ತುಂಬಿ, ಬಟ್ಟೆಯನ್ನು ಮಡಚಿ ಮುಚ್ಚಿ. ಪ್ರತಿ ಮೀಟರಿಗೆ 1 ಸೆಂಟಿಮೀಟರಿನಷ್ಟು ಇಳಿಜಾರು ಇರಲಿ. ಬಟ್ಟೆ ಬಿಟ್ಟರೆ ಕೆಲವೇ ವರ್ಷದಲ್ಲಿ ಸಣ್ಣ ಮಣ್ಣು ಸೇರಿ ಜಲ್ಲಿ ಕಟ್ಟಿಕೊಳ್ಳುತ್ತದೆ. ಪೈಪಿನ ಬಾಯಿ ಎಲ್ಲಿಗೆ ತೆರೆಯುತ್ತದೆ ಎಂಬುದನ್ನು ತೋಡುವ ಮುಂಚೆಯೇ ತೀರ್ಮಾನಿಸಿ.

ಜೇಡಿಮಣ್ಣಿಗೆ ಸಾವಯವ ಗೊಬ್ಬರವೇ ದಾರಿ, ಆದರೆ ತಾಳ್ಮೆ ಬೇಕು. ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಕೊಟ್ಟಿಗೆ ಗೊಬ್ಬರವನ್ನು ವರ್ಷಕ್ಕೊಮ್ಮೆ 5 ಸೆಂಟಿಮೀಟರ್ ದಪ್ಪ ಮೇಲೆ ಹರಡಿ. ಎರೆಹುಳುಗಳು ಒಳಗೆ ಎಳೆದುಕೊಳ್ಳುತ್ತವೆ, ಅವು ಕೊರೆದ ದಾರಿಯಲ್ಲೇ ನೀರೂ ಗಾಳಿಯೂ ಇಳಿಯುತ್ತವೆ. ಒಂದೇ ವರ್ಷದಲ್ಲಿ ಬದಲಾವಣೆ ಕಾಣದಿದ್ದರೆ ಬೇಸರಪಡಬೇಡಿ, ಮೂರ್ನಾಲ್ಕು ವರ್ಷ ಬಿಡದೆ ಮಾಡಿ.

ಅಂತರ್ಜಲವೇ ಮೇಲಿದ್ದರೆ ಅಗೆದು ಗೆಲ್ಲಲು ಆಗುವುದಿಲ್ಲ, ನೆಲವನ್ನು ಎತ್ತರಿಸಬೇಕು. ತರಕಾರಿ, ಹೂವಿಗೆ 20ರಿಂದ 30 ಸೆಂಟಿಮೀಟರ್ ಎತ್ತರದ ಮಡಿ, ಹಣ್ಣಿನ ಗಿಡಕ್ಕೆ ಇನ್ನೂ ಎತ್ತರದ, ಅಗಲವಾದ ದಿಬ್ಬ. ಈಗಾಗಲೇ ಬೆಳೆದ ಮರದ ಬುಡಕ್ಕೆ ಮಾತ್ರ ಮಣ್ಣು ಏರಿಸಬೇಡಿ, ಇರುವ ಬೇರೂ ಉಸಿರುಗಟ್ಟುತ್ತದೆ.

ಇಲ್ಲದಿದ್ದರೆ ಜಾಗಕ್ಕೆ ತಕ್ಕ ಗಿಡ ಆರಿಸಿ. ನನಗೆ ಇದೇ ಹೆಚ್ಚು ಇಷ್ಟ. ಕಾಬಾಳೆ, ಕೆಸು, ಬಜೆ, ಒಂದೆಲಗ, ಸುರುಳಿ ಸುಗಂಧಿ, ಲಾವಂಚ ಇವೆಲ್ಲ ಒದ್ದೆ ನೆಲದಲ್ಲಿ ಚೆನ್ನಾಗಿ ಬರುತ್ತವೆ. ಮರಗಳಲ್ಲಿ ಹೊಂಗೆ ತಡೆದುಕೊಳ್ಳುತ್ತದೆ. ಕೆಸುವಿನಂಥ ಗಿಡಗಳ ತೊಟ್ಟು ಕತ್ತರಿಸಿ ನೋಡಿ, ಒಳಗೆ ಕಣ್ಣಿಗೆ ಕಾಣುವಷ್ಟು ದೊಡ್ಡ ಗಾಳಿಯ ಗೂಡುಗಳಿವೆ. ಎಲೆಯಿಂದ ಬೇರಿನವರೆಗೆ ಗಾಳಿ ಇಳಿಯುವುದು ಅದರಲ್ಲೇ. ಪಪ್ಪಾಯಿ, ಬೆಣ್ಣೆಹಣ್ಣು, ರೋಸ್‌ಮರಿ, ಲ್ಯಾವೆಂಡರ್ ಅಂಥ ಜಾಗಕ್ಕೆ ಬೇಡವೇ ಬೇಡ. ಪಪ್ಪಾಯಿಯಂತೂ ಎರಡು ದಿನ ನೀರು ನಿಂತರೂ ಸಾಯಬಹುದು.

ನೀರು ಇಳಿದ ಮೇಲಿನ ತಿಂಗಳುಗಳು

ಬಹಳ ಗಿಡಗಳು ಸಾಯುವುದು ನೀರು ನಿಂತಾಗ ಅಲ್ಲ, ಆಮೇಲೆ ಬರುವ ಬಿಸಿಲಿನಲ್ಲಿ. ಆಳದ ಬೇರು ಸತ್ತು ಮೇಲಿನ ಸ್ವಲ್ಪ ಬೇರು ಮಾತ್ರ ಉಳಿದಿರುತ್ತದೆ. ಮೇಲ್ಮಣ್ಣು ಒಣಗಿದರೆ ಆ ಬೇರಿಗೆ ಬೇರೆ ಗತಿಯಿಲ್ಲ. ಹಾಗಾಗಿ ಮಳೆ ನಿಂತ ಮೇಲೆ ಎರಡು ಬೆರಳು ಮಣ್ಣೊಳಗೆ ಇಳಿಸಿ ನೋಡಿ, ಒಣಗಿದ್ದರೆ ಸ್ವಲ್ಪವೇ ನೀರು ಕೊಡಿ. ಒಮ್ಮೆಲೇ ಸುರಿಯಬೇಡಿ. ಸರಿಸಿದ್ದ ಹೊದಿಕೆಯನ್ನು ಈಗ ವಾಪಸ್ ಹಾಕಿ, ಬುಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಟ್ಟು.

ಮರಗಳ ವಿಷಯದಲ್ಲಿ ಅವಸರದ ತೀರ್ಪು ಬೇಡ. ಎಲೆಯೆಲ್ಲ ಉದುರಿದ ಮರವೂ ಮುಂದಿನ ಚಿಗುರಿನ ಕಾಲಕ್ಕೆ ಎದ್ದು ಬರಬಹುದು. ಚೆನ್ನಾಗಿದೆ ಅಂದುಕೊಂಡದ್ದು ಮರುವರ್ಷ ತುದಿಯಿಂದ ಒಣಗುತ್ತಾ ಬರಬಹುದು. ಆಗಾಗ ತೊಗಟೆ ಕೆರೆದು ನೋಡುತ್ತಾ ಒಂದು ಪೂರ್ತಿ ವರ್ಷ ಕಾಯಿರಿ.

ಕೊಳೆತು ಸತ್ತ ಗಿಡವನ್ನು ಕಿತ್ತರೆ ಅದೇ ಗುಂಡಿಗೆ ಅದೇ ಜಾತಿಯ ಗಿಡ ಕೂಡಲೇ ನೆಡಬೇಡಿ. ಫೈಟಾಫ್ತೊರಾ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೇರಿನ ಚೂರುಗಳನ್ನು ಆದಷ್ಟು ಆರಿಸಿ ತೆಗೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಸನಿಕೆ, ಬೂಟುಗಳ ಮಣ್ಣು ತೊಳೆದೇ ತೋಟದ ಇನ್ನೊಂದು ಕಡೆಗೆ ಹೋಗಿ. ಆ ಜಾಗದ ಬಸಿಯುವಿಕೆ ಸರಿಯಾಗಿದೆಯೋ ಎಂದು ಮತ್ತೊಮ್ಮೆ ಗುಂಡಿಗೆ ನೀರು ತುಂಬಿ, ಕಡ್ಡಿ ನಿಲ್ಲಿಸಿ ಅಳೆದ ಮೇಲೆ, ಬೇರೆ ಜಾತಿಯ ಗಿಡವನ್ನು ನೆಲಕ್ಕಿಂತ ಒಂದು ಗೇಣು ಎತ್ತರದಲ್ಲಿ ನೆಡಿ.